ರೈತ ಕುಟುಂಬಗಳ ಮಾನಸಿಕ ಆರೋಗ್ಯ ಮತ್ತು ಆತ್ಮಹತ್ಯೆ ತಡೆ: ಯಾವ ತಜ್ಞರನ್ನು, ಯಾವಾಗ, ಎಲ್ಲಿ ಕಾಣಬೇಕು?

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ರೈತರು, ಕೃಷಿ ಕಾರ್ಮಿಕರು ಹಾಗೂ ಅವರ ಕುಟುಂಬದವರಿಗಾಗಿ

ಪೀಠಿಕೆ

ರೈತ ಬಾಂಧವರೇ, ತೊಗರಿ ಹೂ ಬಿಡುವ ಕಾಲಕ್ಕೆ ಗಿಡ ಬಾಡತೊಡಗಿದರೆ ತಾವು ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ಗಿಡ ಕಿತ್ತು ಕಾಂಡ ಸೀಳಿ, ಒಳಗೆ ಕಪ್ಪು ಗೆರೆ ಕಂಡರೆ ನೆಟೆ ರೋಗವೆಂದು ಗುರುತಿಸುತ್ತೀರಿ. ಸಂಶಯವಿದ್ದರೆ ಅದೇ ಗಿಡವನ್ನು ಚೀಲದಲ್ಲಿ ಹಾಕಿಕೊಂಡು ಹಿಟ್ನಳ್ಳಿಯ ಅಥವಾ ಇಂಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತರುತ್ತೀರಿ. ಗಿಡ ಬಾಡಿದ್ದಕ್ಕೆ ಯಾರೂ ಗಿಡವನ್ನು ಬೈಯುವುದಿಲ್ಲ.

ಮನೆಯ ಯಜಮಾನನೇ ಬಾಡತೊಡಗಿದಾಗ ಮಾತ್ರ ನಮ್ಮ ನಡೆ ಬೇರೆಯಾಗುತ್ತದೆ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮಾತು ನಿಂತಿದೆ ಎಂಬುದನ್ನು ಎಲ್ಲರೂ ಕಾಣುತ್ತಾರೆ, ಯಾರೂ ಕೇಳುವುದಿಲ್ಲ. ‘ಗಂಡಸು, ಧೈರ್ಯ ತಂದುಕೊಳ್ಳಲಿ’ ಎಂದು ಬಿಟ್ಟುಬಿಡುತ್ತಾರೆ. ಬೆಳೆಗೆ ತಜ್ಞರಿರುವಂತೆ ಇದಕ್ಕೂ ತರಬೇತಿ ಪಡೆದ ತಜ್ಞರಿದ್ದಾರೆ. ಅವರು ಯಾರು, ಏನು ಮಾಡುತ್ತಾರೆ, ನಮ್ಮ ತಾಲ್ಲೂಕುಗಳಲ್ಲಿ ಅವರನ್ನು ಕಾಣುವ ದಾರಿ ಯಾವುದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಸಮಸ್ಯೆಯ ಪ್ರಮಾಣ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಅಂಕಿಅಂಶಗಳಂತೆ 2022ರಲ್ಲಿ ದೇಶದ ಕೃಷಿ ವಲಯದಲ್ಲಿ 11,290 ಜನರು ಆತ್ಮಹತ್ಯೆಯಿಂದ ಮರಣ ಹೊಂದಿದರು. ಅವರಲ್ಲಿ 5,207 ಜನ ರೈತರು. 6,083 ಜನ ಕೃಷಿ ಕಾರ್ಮಿಕರು. ಕರ್ನಾಟಕದ ಪಾಲು 2,392. ಮಹಾರಾಷ್ಟ್ರದ ನಂತರ ಎರಡನೆಯ ಸ್ಥಾನ. ಹೊಲವುಳ್ಳವರಿಗಿಂತ ಕೂಲಿಯಿಂದ ಬದುಕುವವರೇ ಹೆಚ್ಚು ಎಂಬುದನ್ನು ಇಲ್ಲಿ ಗಮನಿಸಬೇಕು. ಉತಾರದಲ್ಲಿ ಹೆಸರಿಲ್ಲದ ಕಾರಣ ದಿನವಿಡೀ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ಹಾಗೂ ಲಾವಣಿಗೆ ಹೊಲ ಮಾಡುವವರು ಅನೇಕ ವೇಳೆ ರೈತರೆಂಬ ಲೆಕ್ಕಕ್ಕೇ ಬರುವುದಿಲ್ಲ.

ವಿಜಯಪುರ ಜಿಲ್ಲೆಯು ರಾಜ್ಯದ ಉತ್ತರ ಒಣ ವಲಯದಲ್ಲಿ ಬರುತ್ತದೆ. ಮಳೆ ಕಡಿಮೆ, ಅದೂ ನಂಬುವಂತಿಲ್ಲ. ಇಂಡಿಯಲ್ಲಿ ನಿಂಬೆ ಮತ್ತು ಕಬ್ಬು, ಸಿಂದಗಿಯಲ್ಲಿ ತೊಗರಿ ಮತ್ತು ಹತ್ತಿ, ಬಸವನ ಬಾಗೇವಾಡಿಯಲ್ಲಿ ಉಳ್ಳಾಗಡ್ಡಿ, ಮುದ್ದೇಬಿಹಾಳದಲ್ಲಿ ತೊಗರಿ, ಕಡಲೆ, ಬಿಳಿಜೋಳ ಹೀಗೆ ಬೆಳೆಗಳು ಬೇರೆಯಾದರೂ ಸಂಕಟದ ಸ್ವರೂಪ ಒಂದೇ. ಕೊಳವೆಬಾವಿ ಬತ್ತುವುದು, ಭೀಮಾ ತೀರದಲ್ಲಿ ನೆರೆ ಬರುವುದು, ಮಾಲು ಕೈಗೆ ಬಂದಾಗ ಧಾರಣೆ ಬೀಳುವುದು, ಸಹಕಾರಿ ಸಂಘದ ಸಾಲದ ಜೊತೆಗೆ ಅಡತಿ ಅಂಗಡಿಯ ಬಾಕಿ ಮತ್ತು ಕೈಗಡ ಸೇರುವುದು ಎಲ್ಲೆಡೆಯೂ ಕಂಡುಬರುತ್ತದೆ.

ಆದರೆ ಇಷ್ಟೇ ಕಷ್ಟವುಳ್ಳ ಸಾವಿರಾರು ಕುಟುಂಬಗಳು ಬದುಕನ್ನು ನಡೆಸಿಕೊಂಡು ಹೋಗುತ್ತಿವೆ ಎಂಬುದೂ ಅಷ್ಟೇ ಸತ್ಯ. ಕರ್ನಾಟಕದಲ್ಲಿ ರೈತರ ಆತ್ಮಹತ್ಯೆಗಳನ್ನು ಕುರಿತು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಿವೃತ್ತ ಕುಲಪತಿ ಡಾ. ಜಿ.ಕೆ. ವೀರೇಶ್ ಅವರ ಅಧ್ಯಕ್ಷತೆಯ ತಜ್ಞ ಸಮಿತಿಯು 2002ರಲ್ಲಿ ವರದಿ ನೀಡಿತು. ಸಾಲ ಮತ್ತು ಬೆಳೆನಷ್ಟದ ಜೊತೆಗೆ ಕುಡಿತ ಹಾಗೂ ಕೌಟುಂಬಿಕ ಕಲಹಗಳನ್ನೂ ಸಮಿತಿ ಎತ್ತಿ ತೋರಿಸಿತು. ಇದರಿಂದ ಸಾಲದ ಹೊರೆ ಹಗುರವಾಗಿ ಕಂಡಿತೆಂಬ ಟೀಕೆಯೂ ಬಂದಿತು. ಎರಡೂ ಕಡೆಯ ಮಾತಿನಿಂದ ನಾವು ಕಲಿಯಬೇಕಾದದ್ದು ಇಷ್ಟು: ಒಂದೇ ಕಾರಣದಿಂದ ಯಾರೂ ಆ ಹಂತಕ್ಕೆ ಹೋಗುವುದಿಲ್ಲ. ಹಲವು ಭಾರಗಳು ಒಮ್ಮೆಗೇ ಬಿದ್ದಾಗ ಮನಸ್ಸು ಸೋಲುತ್ತದೆ. ಅವುಗಳಲ್ಲಿ ಒಂದೆರಡನ್ನು ಇಳಿಸಿದರೂ ಜೀವ ಉಳಿಯುತ್ತದೆ.

ಸಾಲಕ್ಕೆ ಗುಳಿಗೆ ಮದ್ದೇ?

‘ಡಾಕ್ಟರು ಗುಳಿಗೆ ಕೊಟ್ಟರೆ ನನ್ನ ಸಾಲ ತೀರುತ್ತದೆಯೇ?’ ಎಂದು ರೈತರು ಕೇಳುವುದು ಸಹಜ. ತೀರುವುದಿಲ್ಲ. ಆದರೆ ತಿಂಗಳುಗಟ್ಟಲೆ ನಿದ್ದೆಯಿಲ್ಲದ ಮನುಷ್ಯ ಸಾಲದ ಲೆಕ್ಕವನ್ನು ಸರಿಯಾಗಿ ನೋಡಲಾರ. ಬ್ಯಾಂಕಿಗೆ ಹೋಗಿ ಅವಧಿ ಕೇಳಲಾರ, ವಿಮೆಯ ಅರ್ಜಿ ಹಾಕಲಾರ, ಮನೆಯವರೊಡನೆ ಕೂತು ಮಾತಾಡಲಾರ. ಖಿನ್ನತೆ ಎಂಬ ಕಾಯಿಲೆ ಮನುಷ್ಯನಿಂದ ಕಸಿದುಕೊಳ್ಳುವುದು ಈ ಶಕ್ತಿಯನ್ನೇ. ದಾರಿಗಳಿದ್ದರೂ ಅವನ ಕಣ್ಣಿಗೆ ಕಾಣದಂತೆ ಮಾಡುತ್ತದೆ. ಚಿಕಿತ್ಸೆ ಆ ಶಕ್ತಿಯನ್ನು ಮರಳಿ ಕೊಡುತ್ತದೆ. ಆದ್ದರಿಂದ ಸಾಲಕ್ಕೆ ಪರಿಹಾರ ಮತ್ತು ಮನಸ್ಸಿಗೆ ಚಿಕಿತ್ಸೆ ಇವೆರಡೂ ಜೊತೆಯಾಗಿ ಸಾಗಬೇಕು.

ತಜ್ಞರು ಯಾರು, ಅವರ ಕೆಲಸವೇನು?

1. ಮನೋವೈದ್ಯರು: ಎಂ.ಬಿ.ಬಿ.ಎಸ್. ನಂತರ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ಶಿಕ್ಷಣ ಪಡೆದ ವೈದ್ಯರು. ಕಾಯಿಲೆ ಯಾವುದೆಂದು ನಿರ್ಧರಿಸಿ ಔಷಧಿ ಬರೆಯುವವರು ಇವರು. ಖಿನ್ನತೆಯ ಔಷಧಿಗಳ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ನುಂಗಿ ‘ಹತ್ತಲಿಲ್ಲ’ ಎಂದು ಬಿಡಬಾರದು. ಗುಣವಾಯಿತೆಂದು ತಾವಾಗಿಯೇ ನಿಲ್ಲಿಸಲೂಬಾರದು. ಈ ಔಷಧಿಗಳಿಂದ ಚಟ ಹತ್ತುವುದಿಲ್ಲ.

2. ಚಿಕಿತ್ಸಾ ಮನೋವಿಜ್ಞಾನಿಗಳು: ಮಾತು ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ನೀಡುವವರು. ಇವರು ಔಷಧಿ ಬರೆಯುವುದಿಲ್ಲ. ‘ಎಲ್ಲಾ ಮುಗಿಯಿತು’ ಎಂಬ ಆಲೋಚನೆ ಎಲ್ಲಿಂದ ಹುಟ್ಟುತ್ತದೆ, ಅದು ಬಂದಾಗ ಏನು ಮಾಡಬೇಕು ಎಂಬುದನ್ನು ಹಂತಹಂತವಾಗಿ ಕಲಿಸುತ್ತಾರೆ. ಅಪಾಯದ ಕ್ಷಣದಲ್ಲಿ ಯಾರಿಗೆ ಕರೆ ಮಾಡಬೇಕು, ಎಲ್ಲಿಗೆ ಹೋಗಬೇಕು ಎಂಬ ‘ಸುರಕ್ಷಾ ಯೋಜನೆ’ಯನ್ನು ರೋಗಿಯೊಡನೆ ಕುಳಿತು ಬರೆಯುತ್ತಾರೆ.

3. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು: ಮನೆಯ ಪರಿಸ್ಥಿತಿ, ಸಾಲ, ಕುಡಿತ, ಜಗಳ ಇವುಗಳನ್ನು ವಿಚಾರಿಸಿ ಕುಟುಂಬದವರೊಡನೆ ಮಾತಾಡುವವರು. ಪಿಂಚಣಿ, ಅಂಗವೈಕಲ್ಯ ಪ್ರಮಾಣಪತ್ರ, ಕಾನೂನು ನೆರವು ಮುಂತಾದ ಸೌಲಭ್ಯಗಳ ದಾರಿ ತೋರಿಸುತ್ತಾರೆ. ರೈತ ಕುಟುಂಬಕ್ಕೆ ಬಹಳ ಸಲ ಹೆಚ್ಚು ಉಪಯೋಗಕ್ಕೆ ಬರುವವರು ಇವರೇ.

4. ಮನೋವೈದ್ಯಕೀಯ ಶುಶ್ರೂಷಕರು ಮತ್ತು ಸಮುದಾಯ ಶುಶ್ರೂಷಕರು: ಔಷಧಿ ಸರಿಯಾಗಿ ನಡೆಯುತ್ತಿದೆಯೇ, ತಪಾಸಣೆಗೆ ಬಾರದೆ ಉಳಿದವರು ಯಾರು ಎಂಬುದನ್ನು ನೋಡಿಕೊಳ್ಳುತ್ತಾರೆ.

5. ಆಶಾ ಕಾರ್ಯಕರ್ತೆಯರು ಮತ್ತು ಸಮುದಾಯ ಆರೋಗ್ಯ ಅಧಿಕಾರಿಗಳು: ಇವರು ತಜ್ಞರಲ್ಲದಿದ್ದರೂ ನಿಮ್ಮ ಊರಿನ ಮೊದಲ ಬಾಗಿಲು. ಲಕ್ಷಣಗಳನ್ನು ಗುರುತಿಸಿ ಮುಂದಿನ ಆಸ್ಪತ್ರೆಗೆ ಕಳುಹಿಸುತ್ತಾರೆ.

ಹಳ್ಳಿಯ ಆಸ್ಪತ್ರೆಯ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಿ ಮಾನಸಿಕ ಚಿಕಿತ್ಸೆಯನ್ನು ಜನರ ಹತ್ತಿರಕ್ಕೆ ತರುವ ಪದ್ಧತಿ ನಮ್ಮ ಭಾಗದಲ್ಲಿಯೇ ರೂಪುಗೊಂಡಿತು ಎಂಬುದು ಹೆಮ್ಮೆಯ ವಿಷಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು.

ನಮ್ಮ ತಾಲ್ಲೂಕುಗಳಲ್ಲಿ ಎಲ್ಲಿ ಕಾಣಬೇಕು?

• ಮೊದಲ ಹಂತ: ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ. ‘ನಿದ್ದೆ ಬರುತ್ತಿಲ್ಲ, ಮನಸ್ಸಿಗೆ ಸಮಾಧಾನವಿಲ್ಲ’ ಎಂದು ನೇರವಾಗಿ ಹೇಳಬೇಕು. ಬರೀ ‘ಮೈಕೈ ನೋವು, ಹಸಿವಿಲ್ಲ’ ಎಂದರೆ ವೈದ್ಯರಿಗೆ ಮೂಲ ಕಾಯಿಲೆ ತಿಳಿಯದೆ ಹೋಗಬಹುದು.

• ಎರಡನೆಯ ಹಂತ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳು. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆ ರೂಪಿಸಲಾಗಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯವರಲ್ಲಿ ಮುಂಚಿತವಾಗಿ ವಿಚಾರಿಸಿಕೊಂಡು ಹೋಗಬೇಕು.

• ಮೂರನೆಯ ಹಂತ: ವಿಜಯಪುರದ ಜಿಲ್ಲಾ ಆಸ್ಪತ್ರೆ ಹಾಗೂ ನಗರದ ವೈದ್ಯಕೀಯ ಮಹಾವಿದ್ಯಾಲಯಗಳ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆ.

• ಮನೆಯಿಂದಲೇ: ಟೆಲಿ ಮಾನಸ್ ಸಹಾಯವಾಣಿ 14416. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರಿ ಸೇವೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ತರಬೇತಿ ಪಡೆದ ಆಪ್ತಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ. ಅಗತ್ಯ ಕಂಡರೆ ಮನೋವೈದ್ಯರಿಗೆ ಸಂಪರ್ಕ ಕಲ್ಪಿಸುತ್ತಾರೆ. ದುಡಿಯಲು ಗೋವಾ, ಮಹಾರಾಷ್ಟ್ರಗಳಿಗೆ ಹೋದವರೂ ಅಲ್ಲಿಂದಲೇ ಈ ಸಂಖ್ಯೆಗೆ ಕರೆ ಮಾಡಿ ಕನ್ನಡವನ್ನು ಆರಿಸಿಕೊಳ್ಳಬಹುದು.

ಎಚ್ಚರಿಕೆಯ ಲಕ್ಷಣಗಳು

ಕೆಳಗಿನ ಲಕ್ಷಣಗಳಲ್ಲಿ ಕೆಲವು ಎರಡು ವಾರಕ್ಕಿಂತ ಹೆಚ್ಚು ಕಾಲ ಕಂಡುಬಂದರೆ ವೈದ್ಯರನ್ನು ಕಾಣಬೇಕು.

• ನಸುಕಿನಲ್ಲಿಯೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು. ಊಟ ಸೇರದಿರುವುದು, ಮೈ ಸೊರಗುವುದು.
• ಸಂತೆ, ಕಟ್ಟೆ, ಮದುವೆ-ಮುಂಜಿಗಳಿಗೆ ಹೋಗುವುದನ್ನು ಬಿಡುವುದು. ಎಳ್ಳ ಅಮಾವಾಸ್ಯೆಯ ಚರಗಕ್ಕೂ ಹೊಲಕ್ಕೆ ಬಾರದಿರುವುದು.
• ಎತ್ತುಗಳ ಮೈ ತೊಳೆಯದೆ, ನೀರು ಹಾಯಿಸದೆ, ಹೊಲದ ಕಡೆ ಲಕ್ಷ್ಯವೇ ಇಲ್ಲದಂತಾಗುವುದು.
• ಕುಡಿತ ಹೆಚ್ಚುವುದು. ಸಣ್ಣ ಮಾತಿಗೂ ಸಿಡಿಮಿಡಿ.
• ‘ನಾನು ಇದ್ದರೆ ಮನೆಗೆ ಭಾರ’, ‘ಇನ್ನು ನನ್ನ ದಾರಿ ಕಾಯಬೇಡಿರಿ’ ಎಂಬಂಥ ಮಾತುಗಳು.

ಇವುಗಳ ಜೊತೆಗೆ ಸಾಯುವ ಮಾತು ಆಡುವುದು, ಕಾರಣವಿಲ್ಲದೆ ಕಾಗದಪತ್ರಗಳನ್ನು ಒಪ್ಪಿಸುವುದು, ಮಕ್ಕಳ ಜವಾಬ್ದಾರಿಯನ್ನು ಬೇರೆಯವರಿಗೆ ವಹಿಸುವುದು, ಬಹಳ ದಿನಗಳ ಸಂಕಟದ ನಂತರ ಒಮ್ಮೆಲೇ ಶಾಂತವಾಗುವುದು ಕಂಡರೆ ಎರಡು ವಾರ ಕಾಯಬಾರದು. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹಿಂದೆ ಒಮ್ಮೆ ಪ್ರಯತ್ನಿಸಿದವರಲ್ಲಿ ಅಪಾಯ ಇನ್ನೂ ಹೆಚ್ಚು.

ಕೇಳುವುದು ಹೇಗೆ?

‘ಕೇಳಿದರೆ ಆ ವಿಚಾರವನ್ನು ನಾವೇ ತಲೆಯಲ್ಲಿ ಹಾಕಿದಂತಾಗುತ್ತದೆ’ ಎಂಬ ಹೆದರಿಕೆ ಬಹಳ ಜನರಲ್ಲಿದೆ. ಇದು ತಪ್ಪು ತಿಳಿವಳಿಕೆ. ನೇರವಾಗಿ, ಪ್ರೀತಿಯಿಂದ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಒಳಗೇ ನುಂಗಿಕೊಂಡವನಿಗೆ ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಜನರ ನಡುವೆ ಬೇಡ. ಬದುವಿನ ಮೇಲೆ ಇಬ್ಬರೇ ಕೂತಾಗ ನಮ್ಮ ಮಾತಿನಲ್ಲಿಯೇ ಕೇಳಿರಿ:

“ಕಾಕಾ, ಇತ್ತಿತ್ಲಾಗ ನೀವು ಭಾಳ ಸೊರಗೀರಿ. ರಾತ್ರಿ ನಿದ್ದಿ ಬರತದೇನ್ರಿ?”

“ಎಲ್ಲೀ ನಿದ್ದಿ ತಮ್ಮಾ...”

“ಇಷ್ಟ ತ್ರಾಸ ಆದಾಗ ಒಬ್ಬೊಬ್ಬರಿಗೆ ಸತ್ತ ಹೋಗಬೇಕು ಅನಸತದ. ನಿಮಗೂ ಹಂಗ ಅನಿಸೇದೇನ್ರಿ ಕಾಕಾ?”

ಉತ್ತರ ‘ಹೌದು’ ಎಂದು ಬಂದರೆ ಗಾಬರಿಯಾಗಬೇಡಿರಿ, ಉಪದೇಶ ಮಾಡಬೇಡಿರಿ. ‘ಹೇಡಿ’, ‘ಹೆಂಡರು ಮಕ್ಕಳ ಗತಿ ಏನು’ ಎಂಬ ಮಾತು ಗಾಯದ ಮೇಲೆ ಬರೆ ಎಳೆದಂತೆ. ‘ಹೇಳಿದ್ದು ಚಲೋ ಆಯ್ತು ಕಾಕಾ, ನಾ ಅದೀನಿ, ನಾಳೆ ಇಬ್ಬರೂ ಕೂಡಿ ದವಾಖಾನಿಗೆ ಹೋಗೂಣು’ ಎನ್ನುವುದು ಸಾಕು. ಅಂದು ರಾತ್ರಿ ಅವರನ್ನು ಒಂಟಿಯಾಗಿ ಬಿಡಬಾರದು. ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿದರೂ ಮನೆಯ ಒಬ್ಬ ನಂಬಿಗಸ್ತರಿಗೆ ತಿಳಿಸಲೇಬೇಕು. ಜೀವದ ಮುಂದೆ ಆಣೆ ದೊಡ್ಡದಲ್ಲ.

ಕೀಟನಾಶಕಗಳ ಸಂಗ್ರಹ: ಕೃಷಿಕರ ಕೈಯಲ್ಲಿರುವ ತಡೆ

ಸಾಯಬೇಕೆಂಬ ತೀವ್ರ ಒತ್ತಡ ಬಹಳ ಸಲ ಕೆಲವು ನಿಮಿಷ ಅಥವಾ ಕೆಲವು ಗಂಟೆಗಳದ್ದು. ಆ ಹೊತ್ತಿನಲ್ಲಿ ಅಪಾಯಕಾರಿ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಉಳಿದವರಲ್ಲಿ ಹೆಚ್ಚಿನವರು ಮುಂದೆ ಆ ದಾರಿ ಹಿಡಿಯುವುದಿಲ್ಲ. ಶ್ರೀಲಂಕಾ ದೇಶವು ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. ಆ ನಂತರದ ಎರಡು ದಶಕಗಳಲ್ಲಿ ಅಲ್ಲಿಯ ಆತ್ಮಹತ್ಯೆಯ ಪ್ರಮಾಣ 1995ರ ಮಟ್ಟದಿಂದ ಸುಮಾರು ಶೇ. 70ರಷ್ಟು ಇಳಿಯಿತು, ಬೆಳೆಯ ಇಳುವರಿ ಅದರಿಂದ ಕುಸಿಯಲಿಲ್ಲ. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಭಾಗದ ಹಳ್ಳಿಗಳಲ್ಲಿ ಚೆನ್ನೈನ ‘ಸ್ನೇಹಾ’ ಸಂಸ್ಥೆಯ ಮನೋವೈದ್ಯೆ ಡಾ. ಲಕ್ಷ್ಮೀ ವಿಜಯಕುಮಾರ್ ಮತ್ತು ಸಂಗಡಿಗರು ಊರಿಗೊಂದು ಸಾಮೂಹಿಕ ಕೀಟನಾಶಕ ಸಂಗ್ರಹ ಕೊಠಡಿಯನ್ನು ಪ್ರಯೋಗಿಸಿ ಉತ್ತಮ ಫಲಿತಾಂಶ ಕಂಡರು. ಆದರೆ ಶ್ರೀಲಂಕಾದಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟು ನಡೆಸಿದ ದೊಡ್ಡ ಅಧ್ಯಯನದಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ಬೀಗದ ಕೈ ಮನೆಯಲ್ಲಿಯೇ ಇರುತ್ತದಲ್ಲವೇ? ಆದ್ದರಿಂದ:

• ಬೆಳೆಗೆ ಹೊಡೆಯುವ ‘ಎಣ್ಣೆ’ಯನ್ನು ಆ ಸಿಂಪಡಣೆಗೆ ಬೇಕಾದಷ್ಟೇ ತರಬೇಕು. ಅಗ್ಗವೆಂದು ಹಂಗಾಮಿಗೆಲ್ಲ ಒಮ್ಮೆಗೇ ತಂದು ಮನೆಯಲ್ಲಿ ಇಡಬಾರದು.
• ಉಳಿದದ್ದನ್ನು ಮನೆಯೊಳಗೆ, ಅಡುಗೆಕೋಣೆಯ ಅಟ್ಟದ ಮೇಲೆ ಇಡಬಾರದು. ಬೇರೆ ಬಾಟಲಿಗೆ ಸುರಿಯಬಾರದು.
• ಮನೆಯಲ್ಲಿ ಯಾರಾದರೂ ಸಂಕಟದಲ್ಲಿದ್ದರೆ ಎಲ್ಲ ಡಬ್ಬಿಗಳನ್ನೂ ಅಂದೇ ಬೇರೆಯವರ ಸುಪರ್ದಿಗೆ ಸಾಗಿಸಬೇಕು.
• ಬೇವಿನ ಕಷಾಯ, ಮೋಹಕ ಬಲೆ, ಪಕ್ಷಿ ನಿಲುಗಡೆ ಮುಂತಾದ ಸಮಗ್ರ ಕೀಟ ನಿರ್ವಹಣಾ ಕ್ರಮಗಳಿಂದ ವಿಷದ ಬಳಕೆಯನ್ನೇ ತಗ್ಗಿಸಬಹುದು. ಖರ್ಚಿನ ಉಳಿತಾಯ ಇದರ ಇನ್ನೊಂದು ಲಾಭ.

ಯಾರಾದರೂ ವಿಷ ಸೇವಿಸಿದ ಸಂಶಯವಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. ಅದು ಶ್ವಾಸಕೋಶಕ್ಕೆ ಇಳಿದು ಜೀವಕ್ಕೆ ಕುತ್ತಾಗಬಹುದು. ವಿಷ ತಾಗಿದ ಬಟ್ಟೆ ತೆಗೆದು, ಮೈಯನ್ನು ನೀರಿನಿಂದ ತೊಳೆದು, ಎಡಮಗ್ಗುಲಿಗೆ ಮಲಗಿಸಿ, ಡಬ್ಬಿ ಅಥವಾ ಅದರ ಚೀಟಿಯೊಡನೆ ಆಸ್ಪತ್ರೆಗೆ ಒಯ್ಯಿರಿ.

ಪೊಲೀಸ್ ಪ್ರಕರಣದ ಹೆದರಿಕೆ ಬೇಡ

‘ಕೇಸ್ ಆಗುತ್ತದೆ’ ಎಂಬ ಭಯದಿಂದ ಆಸ್ಪತ್ರೆಗೆ ಒಯ್ಯಲು ತಡಮಾಡಿ ಜೀವ ಕಳೆದುಕೊಳ್ಳುವುದುಂಟು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 115ನೆಯ ಕಲಮಿನಂತೆ, ಆತ್ಮಹತ್ಯೆಗೆ ಪ್ರಯತ್ನಿಸಿದ ವ್ಯಕ್ತಿಯು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕದ್ದು; ಬೇರೆ ರೀತಿ ಸಾಬೀತಾಗದ ಹೊರತು ಅವನನ್ನು ವಿಚಾರಣೆಗೆ ಒಳಪಡಿಸಿ ಶಿಕ್ಷಿಸುವಂತಿಲ್ಲ. ಅವನಿಗೆ ಆರೈಕೆ, ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯವೆಂದು ಅದೇ ಕಲಮು ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ದಂಡ ಸಂಹಿತೆಯ 309ನೆಯ ಕಲಮನ್ನು ಉಳಿಸಿಕೊಂಡಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ನೀಡುವುದು ನಿಯಮದ ಭಾಗ ಮಾತ್ರ.

ಭಾರ ಇಳಿಸುವ ಇತರ ದಾರಿಗಳು

• ಬೆಳೆ ವಿಮೆ ಮಾಡಿಸಿದವರು ಆಲಿಕಲ್ಲು, ಜಲಾವೃತ ಮುಂತಾದ ಸ್ಥಳೀಯ ವಿಕೋಪದ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕು.
• ನೈಸರ್ಗಿಕ ವಿಕೋಪದಿಂದ ಬೆಳೆನಷ್ಟ ಶೇ. 33 ಅಥವಾ ಅದಕ್ಕಿಂತ ಹೆಚ್ಚಾದ ಪ್ರದೇಶಗಳಲ್ಲಿ ಬೆಳೆಸಾಲದ ಅವಧಿ ಬದಲಾವಣೆಗೆ ರಿಸರ್ವ್ ಬ್ಯಾಂಕಿನ ಮಾರ್ಗಸೂಚಿಗಳಲ್ಲಿ ಅವಕಾಶ ಕಲ್ಪಿಸಲಾಗಿದೆ. ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು.
• ಸಾಲ ವಸೂಲಿಗೆ ಬಂದವರು ಬೆದರಿಕೆ, ಅವಮಾನ, ಬಲವಂತ ಮಾಡಿದರೆ 112ಕ್ಕೆ ಕರೆ ಮಾಡಿರಿ. ಕಿರುಸಾಲಗಳ ವಸೂಲಿಯಲ್ಲಿ ಬಲವಂತವನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದ್ದು, 10 ವರ್ಷಗಳವರೆಗಿನ ಸೆರೆವಾಸಕ್ಕೆ ಅವಕಾಶವಿದೆ.
• ಉಚಿತ ಕಾನೂನು ನೆರವಿಗೆ ತಾಲ್ಲೂಕು ನ್ಯಾಯಾಲಯದ ಆವರಣದ ಕಾನೂನು ಸೇವಾ ಸಮಿತಿ ಅಥವಾ 15100.
• ಕುಡಿತವಿದ್ದರೆ ಒಮ್ಮೆಗೇ ಬಿಡಿಸಲು ಹೋಗಬಾರದು. ನಿತ್ಯ ಹೆಚ್ಚು ಕುಡಿಯುವವರಲ್ಲಿ ಹಠಾತ್ತನೆ ನಿಲ್ಲಿಸಿದರೆ ಮೂರ್ಛೆ ಬರಬಹುದು. ವೈದ್ಯರ ನಿಗಾದಲ್ಲಿಯೇ ಬಿಡಿಸಬೇಕು.

ಕೃಷಿ ವಿಸ್ತರಣಾ ಕಾರ್ಯಕರ್ತರಿಗೆ ಮತ್ತು ಗ್ರಾಮದ ಹಿರಿಯರಿಗೆ

ರೈತ ಸಂಪರ್ಕ ಕೇಂದ್ರದ ಸಿಬ್ಬಂದಿ, ಸಹಕಾರಿ ಸಂಘದ ಕಾರ್ಯದರ್ಶಿ, ಗೊಬ್ಬರದ ಅಂಗಡಿಯವರು, ಹಾಲಿನ ಡೇರಿಯವರು ಇವರೆಲ್ಲ ವೈದ್ಯರಿಗಿಂತ ಮೊದಲು ರೈತನ ಮುಖ ನೋಡುವವರು. ಮನೋವೈದ್ಯರು ಜಿಲ್ಲೆಯಲ್ಲಿ ಕೆಲವೇ ಜನ. ನೀವು ಪ್ರತಿ ಊರಿನಲ್ಲಿಯೂ ಇದ್ದೀರಿ. ನೀವು ಚಿಕಿತ್ಸೆ ಮಾಡಬೇಕಾಗಿಲ್ಲ. ನೋಡುವುದು, ಕೇಳುವುದು, ಜೊತೆಗೆ ಕರೆದೊಯ್ಯುವುದು ಈ ಮೂರು ಕೆಲಸ ಸಾಕು. ಸಂಕಟದಲ್ಲಿರುವವರ ವಿಷಯ ಊರ ಮಾತಾಗದಂತೆ ಗುಟ್ಟು ಕಾಯುವುದೂ ನಿಮ್ಮ ಹೊಣೆ.

ಇಂಥ ಸಾವು ನಡೆದ ಮನೆಯನ್ನು ಮರೆಯಬಾರದು. ಉಳಿದವರಲ್ಲಿ, ಅದರಲ್ಲಿಯೂ ಹೆಂಡತಿ ಮತ್ತು ಮಕ್ಕಳಲ್ಲಿ, ದುಃಖದ ಜೊತೆಗೆ ‘ನಮ್ಮಿಂದಲೇ ಹೀಗಾಯಿತು’ ಎಂಬ ಅಪರಾಧ ಭಾವ ಕಾಡುತ್ತದೆ, ಅವರಿಗೂ ಅಪಾಯವಿರುತ್ತದೆ. ದಿನಕರ್ಮ ಮುಗಿದು ನೆಂಟರು ಹೊರಟುಹೋದ ಮೇಲೆ ಆ ಮನೆಗೆ ಹೋಗಿ ಕೂತು ಬರುವವರು ಬೇಕು. ಬಿತ್ತನೆಯ ಕಾಲಕ್ಕೆ ಆ ಹೊಲ ಬೀಳು ಬೀಳದಂತೆ ಒಂದು ದಿನ ಕೂರಿಗೆ ಹೂಡಿ ಮುಯ್ಯಾಳಾಗಿ ನಿಲ್ಲುವುದೂ ಆ ಮನೆಗೆ ಚಿಕಿತ್ಸೆಯೇ.

ಕೊನೆಯ ಮಾತು

ಈ ಲೇಖನವನ್ನು ಓದುತ್ತಿರುವ ತಮಗೇ ಇಂಥ ಆಲೋಚನೆ ಬರುತ್ತಿದ್ದರೆ, ದಯವಿಟ್ಟು ಈಗಲೇ ಒಬ್ಬರಿಗೆ ಹೇಳಿರಿ. ಹೆಂಡತಿಗೆ, ಅಣ್ಣನಿಗೆ, ಗೆಳೆಯನಿಗೆ, ಯಾರೂ ಇಲ್ಲವೆನಿಸಿದರೆ 14416ಕ್ಕೆ. ಮಳೆ ಕೈಕೊಟ್ಟ ವರ್ಷ ಬಿತ್ತಿದ ಬೀಜ ಹುಟ್ಟದೆ ಹೋದಾಗ ಹೊಲವನ್ನು ಹರಗಿ ಮತ್ತೆ ಬಿತ್ತಿದವರು ತಾವು. ಈ ಸಲ ಒಬ್ಬರೇ ಹರಗಬೇಕಾಗಿಲ್ಲ.

ನೆನಪಿಡಬೇಕಾದ ಸಂಖ್ಯೆಗಳು

ಟೆಲಿ ಮಾನಸ್ (ಮಾನಸಿಕ ಆರೋಗ್ಯ): 14416
ಆಂಬುಲೆನ್ಸ್: 108
ಆರೋಗ್ಯ ಸಹಾಯವಾಣಿ: 104
ಪೊಲೀಸ್ ಮತ್ತು ತುರ್ತು ಸೇವೆ: 112
ಉಚಿತ ಕಾನೂನು ನೆರವು: 15100
ಕಿಸಾನ್ ಕಾಲ್ ಸೆಂಟರ್: 1800-180-1551